ಕಾಂಡ್ಲದ ಬೇರು, ಭತ್ತದ ಬೇರು: ಉಪ್ಪು ತಡೆಯುವ ಗುಣದ ಬಗ್ಗೆ ಟಿಪ್ಪಣಿ

ಉಪ್ಪು ಗಿಡಕ್ಕೆ ಎರಡು ಏಟು ಕೊಡುತ್ತದೆ. ಮೊದಲನೆಯದು ಬಾಯಾರಿಕೆ, ಎರಡನೆಯದು ವಿಷ. ಪರೀಕ್ಷೆಯಲ್ಲಿ ಅಂಕ ಹೋಗುವುದೂ, ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ಸವಳು ಗದ್ದೆಯಲ್ಲಿ ಅಂದಾಜು ತಪ್ಪುವುದೂ ಇವೆರಡನ್ನು ಕಲಸಿಬಿಟ್ಟಾಗಲೇ.

ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದ ಕೂಡಲೇ ಬೇರಿಗೆ ನೀರೆಳೆಯುವುದು ಕಷ್ಟ. ಸೋಡಿಯಂ ಇನ್ನೂ ಎಲೆ ಮುಟ್ಟಿರುವುದಿಲ್ಲ, ಆದರೂ ಹೊಸ ಎಲೆಯ ಬೆಳವಣಿಗೆ ಕುಗ್ಗುತ್ತದೆ. ವಿಷದ ಏಟು ಬೀಳಲು ದಿನಗಳು, ವಾರಗಳು ಬೇಕು: ಹಳೆಯ ಎಲೆಗಳಲ್ಲಿ ಸೋಡಿಯಂ ತುಂಬಿ ತುದಿಯಿಂದ ಸುಡುತ್ತಾ ಬರುತ್ತದೆ. ಸಸ್ಯ ವಿಜ್ಞಾನಿಗಳಾದ ರಾಣಾ ಮನ್ಸ್ ಮತ್ತು ಮಾರ್ಕ್ ಟೆಸ್ಟರ್ 2008ರ ವಿಮರ್ಶಾ ಲೇಖನದಲ್ಲಿ ವಿವರಿಸಿದ ಎರಡು ಹಂತಗಳು ಇವೇ. ಗದ್ದೆಯಲ್ಲಿ ಗುರುತಿಸುವುದೂ ಹಾಗೆಯೇ. ಎಳೆ ಎಲೆ ಗಿಡ್ಡವಾಗಿದ್ದರೆ ಮೊದಲ ಹಂತ, ಹಳೆ ಎಲೆಯ ತುದಿ ಒಣಗಿದ್ದರೆ ಎರಡನೆಯದು.

ಎರಡನ್ನೂ ಗೆದ್ದ ಗಿಡ ನೋಡಬೇಕೆಂದರೆ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ವನಕ್ಕೇ ಹೋಗಬೇಕು. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ, ಅದರ ಅಭಿಸರಣ ಎಳೆತ, ಅಂದರೆ ಉಪ್ಪು ನೀರನ್ನು ತನ್ನತ್ತ ಹಿಡಿದಿಡುವ ಬಲ, ಸುಮಾರು 25 ವಾತಾವರಣ ಒತ್ತಡ. ಅದನ್ನು ಮೀರಿ ನೀರೆಳೆಯುವುದು ಹೇಗೆ? 1960ರ ದಶಕದಲ್ಲಿ ಶರೀರಕ್ರಿಯಾ ವಿಜ್ಞಾನಿ ಷೋಲಾಂಡರ್ ಇದನ್ನು ಅಳೆದೇ ತೋರಿಸಿದರು. ಕಾಂಡ್ಲದ ರೆಂಬೆ ಕತ್ತರಿಸಿ, ತುಂಡಾದ ತುದಿ ಮಾತ್ರ ಹೊರಗಿರುವಂತೆ ಉಕ್ಕಿನ ಡಬ್ಬಿಯಲ್ಲಿಟ್ಟು, ಒಳಗೆ ಅನಿಲದ ಒತ್ತಡ ಏರಿಸುತ್ತಾ ಹೋಗುವುದು. ಕತ್ತರಿಸಿದ ತುದಿಯಲ್ಲಿ ರಸ ಒಸರಿದ ಕ್ಷಣದ ಒತ್ತಡವೇ ರೆಂಬೆಯೊಳಗಿದ್ದ ಎಳೆತ. ಕಾಂಡ್ಲದಲ್ಲಿ ಅದು 35ರಿಂದ 60 ವಾತಾವರಣದಷ್ಟು ಬಂತು. 25ಕ್ಕೆ 35 ಎದುರಾದರೆ ನೀರು ಒಳಬರಲೇಬೇಕು. ಬೇರಿನ ಉಸಿರಾಟಕ್ಕೆ ವಿಷ ಹಾಕಿದರೂ ಉಪ್ಪು ಬೇರ್ಪಡುವುದು ನಿಲ್ಲಲಿಲ್ಲ. ಅಂದರೆ ಅದು ಬಹುಮಟ್ಟಿಗೆ ಸೋಸುವ ಕೆಲಸ, ನಮ್ಮ ಊರಿನ ಆರ್‌ಒ ಘಟಕದ ಪೊರೆಯ ಹಾಗೆ. ಕಾಂಡ್ಲದ ಜಾತಿಗಳಲ್ಲಿ ರೈಜೋಫೋರಾ ಬಹುಪಾಲು ಉಪ್ಪನ್ನು ಬೇರಲ್ಲೇ ತಡೆಯುತ್ತದೆ. ಅವಿಸೀನಿಯಾ ಅದಕ್ಕಿಂತ ಸ್ವಲ್ಪ ಹೆಚ್ಚು ಒಳಬಿಟ್ಟು, ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಒಣಗಿದ ಮಧ್ಯಾಹ್ನ ಅದರ ಎಲೆ ನೆಕ್ಕಿ ನೋಡಿ, ಉಪ್ಪುಪ್ಪು.

ಭತ್ತದ ಬೇರಿಗೆ ಅಂಥ ಬಿಗಿ ಪೊರೆಯಿಲ್ಲ. ಜೀವಕೋಶದ ಒಳಗೆ ಹೋಗದೆ, ಗೋಡೆಗಳ ಸಂದಿಯಲ್ಲೇ ನುಸುಳಿ ಸೋಡಿಯಂ ಸೀದಾ ಕಾಂಡಕ್ಕೆ ಏರುತ್ತದೆ. ಅಪವಾದಗಳಿವೆ, ಉಪ್ಪು ತಾಳುವ ಭತ್ತದ ತಳಿಗಳು: ಕೇರಳದ ಪೊಕ್ಕಾಳಿ, ಅಘನಾಶಿನಿ ನದೀಮುಖದ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಗಳ ಕಗ್ಗ. ಪೊಕ್ಕಾಳಿಯ ಒಂದನೇ ವರ್ಣತಂತುವಿನಲ್ಲಿ ಉಪ್ಪು ತಾಳುವ ಗುಣ ಕೊಡುವ ಸಾಲ್ಟಾಲ್ ಭಾಗವನ್ನು ತಳಿಗಾರರು ಬೇರೆ ತಳಿಗಳಿಗೆ ತಂದಿದ್ದಾರೆ.

ಇನ್ನು ಲೆಕ್ಕ. ಉಪ್ಪು ಹೆಚ್ಚಿದಷ್ಟೂ ಏರುವ ಅಳತೆಯಾದ ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ ಮೇಲೆ, ಪ್ರತಿ ಒಂದಕ್ಕೆ ಭತ್ತದ ಇಳುವರಿ ಶೇ 12ರಂತೆ ಇಳಿಯುತ್ತದೆ. 6 ಇದ್ದರೆ ಶೇ 36 ನಷ್ಟ. ಮೆಕ್ಕೆಜೋಳಕ್ಕೂ ಇಳಿಕೆ ಶೇ 12, ಆದರೆ ಶುರುವಾಗುವುದು 1.7ಕ್ಕೇ, 6ರಲ್ಲಿ ಅರ್ಧಕ್ಕೂ ಹೆಚ್ಚು ಹೋಯಿತು. ಹತ್ತಿ 7.7ರ ತನಕ ಜಗ್ಗುವುದಿಲ್ಲ. ಒಂದು ಎಚ್ಚರ: ಈ ಅಂಕಿಗಳೆಲ್ಲ ಮಣ್ಣನ್ನು ನೀರಲ್ಲಿ ಪೇಸ್ಟಾಗಿ ಕಲಸಿ ತೆಗೆದ ರಸದ್ದು. ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಹಾಕಿ ಅಳೆದ ರೀಡಿಂಗ್ ತೀರಾ ಕಡಿಮೆ ಬರುತ್ತದೆ. ಅದನ್ನೇ ಸೂತ್ರಕ್ಕೆ ಹಾಕಿದರೆ ಹಾಳು ಗದ್ದೆಯೂ ಚೆನ್ನಾಗಿದೆ ಅನ್ನಿಸುತ್ತದೆ.

ಕುಂಡದ ಪ್ರಯೋಗ ಮಾಡುವವರಿಗೆ: ಲೀಟರಿಗೆ 2.92 ಗ್ರಾಂ ಅಡುಗೆ ಉಪ್ಪು ಅಂದರೆ 50 ಮಿಲಿಮೋಲಾರ್, ವಾಹಕತೆ ಮೀಟರಿಗೆ ಸುಮಾರು 5 ಡೆಸಿಸೀಮೆನ್ಸ್. ಶುದ್ಧ ಸೋಡಿಯಂ ಕ್ಲೋರೈಡೇ ಬಳಸಿ, ಅಯೋಡಿನ್ ಪ್ಯಾಕೆಟ್ ಬೇಡ. ಒಮ್ಮೆಗೇ ಸುರಿಯಬೇಡಿ; ಮೊದಲು ಅರ್ಧ ಪ್ರಮಾಣ, ಎರಡು ದಿನ ಬಿಟ್ಟು ಪೂರ್ತಿ. ಜೊತೆಗೆ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಕಡ್ಡಾಯ. ಸೋಡಿಯಂ ಕ್ಯಾಲ್ಸಿಯಂ ಅನ್ನು ತಳ್ಳುವುದರಿಂದ, ಅದಿಲ್ಲದೆ ನೀವು ಅಳೆಯುವುದು ಉಪ್ಪಿನ ಏಟಲ್ಲ, ಕ್ಯಾಲ್ಸಿಯಂ ಕೊರತೆ. ಚಳ್ಳಕೆರೆ, ಹಿರಿಯೂರು ಕಡೆಯ ಬೋರ್‌ವೆಲ್ ನೀರನ್ನು ಕಂಟ್ರೋಲ್ ಕುಂಡಕ್ಕೆ (ಹೋಲಿಕೆಗೆ ಇಟ್ಟ, ಉಪ್ಪು ಹಾಕದ ಕುಂಡ) ಹಾಕುವ ಮುನ್ನ ಅದರದೇ ವಾಹಕತೆ ನೋಡಿ. ಮಳೆನೀರೋ ಡಿಸ್ಟಿಲ್ಡ್ ನೀರೋ ಲೇಸು. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಿದರೆ ಏಪ್ರಿಲ್ ಬಿಸಿಲಿಗೆ ಆವಿಯಾಗಿ, ಉಳಿದ ಉಪ್ಪು ಮತ್ತೆ ಮೇಲೇರುತ್ತದೆ. ಪ್ರತಿ ಸಲವೂ ತಳದಿಂದ ಸೋರಿಹೋಗುವಷ್ಟು ಹಾಕಿ, ಸೋರಿದ್ದನ್ನೂ ಅಳೆಯಿರಿ.

ಪ್ರೋಲಿನ್ ಎಂಬ ಅಮೈನೋ ಆಮ್ಲ ಹೆಚ್ಚಾದರೆ ಗಿಡ ಗಟ್ಟಿ ಎಂದು ಬರೆಯುವುದು ಅಭ್ಯಾಸವಾಗಿಬಿಟ್ಟಿದೆ. ಸೂಕ್ಷ್ಮ ತಳಿಯಲ್ಲೂ ಅದು ಏರುತ್ತದೆ, ಏಟು ಬಿದ್ದದ್ದಕ್ಕೆ ಸಾಕ್ಷಿಯಾಗಿ. ಎಲೆಯ ಸೋಡಿಯಂ-ಪೊಟ್ಯಾಸಿಯಂ ಅನುಪಾತ ಹೆಚ್ಚು ನಂಬಿಕಸ್ಥ.

ಜಿಪ್ಸಂ ಚೀಲ ಹೊತ್ತು ಗದ್ದೆಗೆ ಹೋಗುವ ಮುನ್ನ ಮಣ್ಣಿನ ಜಾತಿ ತಿಳಿಯಿರಿ. ವಾಹಕತೆ 4ಕ್ಕಿಂತ ಹೆಚ್ಚು, ರಸಸಾರ 8.5ಕ್ಕಿಂತ ಕಡಿಮೆ ಇದ್ದರೆ ಅದು ಲವಣದ ಮಣ್ಣು; ಅದಕ್ಕೆ ಬೇಕಾದ್ದು ಒಳ್ಳೆಯ ನೀರು ಮತ್ತು ಬಸಿಗಾಲುವೆ. ರಸಸಾರ 8.5 ದಾಟಿ, ವಿನಿಮಯ ಸೋಡಿಯಂ (ಮಣ್ಣಿನ ಕಣಗಳಿಗೆ ಅಂಟಿಕೊಂಡದ್ದು) ಶೇ 15 ಮೀರಿದ್ದರೆ ಮಾತ್ರ ಜಿಪ್ಸಂ. ಅಲ್ಲಿಯೂ ಬಸಿಗಾಲುವೆ ಇಲ್ಲದಿದ್ದರೆ ಬಿಡುಗಡೆಯಾದ ಸೋಡಿಯಂ ಅಲ್ಲೇ ಉಳಿದು, ಜವಳು ಹಿಡಿದ ಗದ್ದೆಯಲ್ಲಿ ಬೇಸಿಗೆಗೆ ಮತ್ತೆ ಬಿಳಿ ಪದರವಾಗಿ ಮೇಲೆ ಬರುತ್ತದೆ.