ಭಾರವಾದ ಕಾರು ರಸ್ತೆ ಹಿಡಿಯುತ್ತದೆ ಎಂಬ ನಂಬಿಕೆಯೂ ಹಳೆಯ ಲೋಟಸ್ ಎಲೀಸ್ ಕಾರೂ

ಕಾರು ಕೊಳ್ಳಲು ಹೊರಟವರಿಗೆ ನಮ್ಮಲ್ಲಿ ಪುಕ್ಕಟೆಯಾಗಿ ಸಿಗುವ ಮೊದಲ ಉಪದೇಶವೆಂದರೆ ಗಾಡಿ ಭಾರವಾಗಿರಬೇಕು, ಭಾರವಿದ್ದರೆ ಮಾತ್ರ ಅದು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ ಎಂಬುದು. ಬಾಗಿಲು ಹಾಕಿದಾಗ ಬರುವ ಧಪ್ ಎಂಬ ಸದ್ದಿನಿಂದಲೇ ಗಾಡಿಯ ಯೋಗ್ಯತೆಯನ್ನು ತೀರ್ಮಾನಿಸುವವರಿಗೂ ಕೊರತೆಯಿಲ್ಲ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಹೆಥೆಲ್‌ನಲ್ಲಿ 1996ರಿಂದ ತಯಾರಾದ ಮೊದಲ ತಲೆಮಾರಿನ ಲೋಟಸ್ ಎಲೀಸ್ ಕಾರಿನ ತೂಕ ಸುಮಾರು 725 ಕೆ.ಜಿ.; ಅಂದರೆ ನಮ್ಮ ಹಳೆಯ ಮಾರುತಿ 800ಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಆದರೂ ತಿರುವುಗಳಲ್ಲಿ ತನ್ನ ಎರಡರಷ್ಟು ತೂಗುವ, ತನಗಿಂತ ಎಷ್ಟೋ ಬಲಶಾಲಿಯಾದ ಕಾರುಗಳನ್ನು ಅದು ಹಿಂದೆ ಹಾಕುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ರಬ್ಬರಿನ ಒಂದು ಗುಣವನ್ನು ಅರಿತರೆ ಇದು ಅರ್ಥವಾಗುತ್ತದೆ. ಅದನ್ನು ಅರಿಯದೆ ಇಂತಹ ಹಳೆಯ ಕಾರನ್ನು ‘ಉತ್ತಮಪಡಿಸಲು’ ಹೊರಟವರು ಅದನ್ನು ಹಾಳುಮಾಡುವುದೇ ಹೆಚ್ಚು.

ತಪ್ಪು ನಂಬಿಕೆಗೂ ಒಂದು ಮೂಲವಿರುತ್ತದೆ. ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರು ಪ್ರತಿ ಗುಂಡಿಗೂ ಎಗರಿ ಬೀಳುತ್ತಾರೆ. ಅದೇ ಬಸ್ಸು ಜನರಿಂದ ತುಂಬಿದಾಗ ಮೆತ್ತಗೆ ಸಾಗುತ್ತದೆ. ಸ್ಪ್ರಿಂಗ್‌ಗಳ ಮೇಲೆ ಕುಳಿತ ತೂಕಕ್ಕೂ ಸ್ಪ್ರಿಂಗ್‌ಗಳ ಕೆಳಗಿರುವ ಚಕ್ರ, ಆಕ್ಸಲ್, ಬ್ರೇಕ್‌ಗಳ ತೂಕಕ್ಕೂ ಇರುವ ಅನುಪಾತ ದೊಡ್ಡದಾದಷ್ಟೂ ಚಕ್ರದ ನೆಗೆತ ಒಡಲಿಗೆ ಕಡಿಮೆ ತಲುಪುತ್ತದೆ. ಈ ಹಿತವನ್ನು ಜನ ಹಿಡಿತವೆಂದು ತಿಳಿದರು. ಆದರೆ ಹಿಡಿತವೆಂಬುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆಯ ವಿಷಯ. ಕುಳಿತವರ ಬೆನ್ನಿಗೆ ಆಗುವ ಅನುಭವದಿಂದ ಅದನ್ನು ಅಳೆಯಲು ಬರುವುದಿಲ್ಲ.

ಶಾಲೆಯಲ್ಲಿ ಕಲಿಸುವ ಘರ್ಷಣೆಯ ನಿಯಮವನ್ನು ಫ್ರಾನ್ಸಿನ ಗಿಯೋಮ್ ಅಮೊಂಟೊನ್ 1699ರಲ್ಲಿ ಮಂಡಿಸಿದ. ಸುಮಾರು ಇನ್ನೂರು ವರ್ಷ ಮೊದಲೇ ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದನ್ನೇ ಗುರುತಿಸಿಕೊಂಡಿದ್ದನಾದರೂ ಅವು ಪ್ರಕಟವಾಗದೆ ಉಳಿದವು. ನಿಯಮ ಸರಳವಾಗಿದೆ: ಘರ್ಷಣೆಯು ಒತ್ತುವ ಭಾರಕ್ಕೆ ಅನುಗುಣವಾಗಿರುತ್ತದೆ, ಮೇಲ್ನೋಟದ ಸಂಪರ್ಕ ಕ್ಷೇತ್ರವನ್ನು ಅವಲಂಬಿಸುವುದಿಲ್ಲ. ಕಾರಿನ ತೂಕ ಎರಡರಷ್ಟಾದರೆ ಘರ್ಷಣೆಯೂ ಎರಡರಷ್ಟಾಗುತ್ತದೆ. ಆದರೆ ಅದನ್ನು ತಿರುವಿನಲ್ಲಿ ಬಾಗಿಸಲು ಬೇಕಾದ ಬಲವೂ ಎರಡರಷ್ಟಾಗುತ್ತದೆ. ಲೆಕ್ಕ ಸರಿಸಮವಾಗಿ ತೂಕವೇ ಸಮೀಕರಣದಿಂದ ಮಾಯವಾಗುತ್ತದೆ. ಅಂದರೆ ಹೈಸ್ಕೂಲಿನ ಭೌತಶಾಸ್ತ್ರದ ಮಟ್ಟದಲ್ಲಿಯೇ ಭಾರದ ಗಾಡಿಗೆ ಯಾವ ಲಾಭವೂ ಇಲ್ಲ.

ರಬ್ಬರಿನ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಎರಡು ಲೋಹಗಳು ತಾಗಿದಾಗ ಅವು ನಿಜವಾಗಿ ಮುಟ್ಟುವುದು ಮೇಲ್ಮೈಯ ಸೂಕ್ಷ್ಮ ಉಬ್ಬುಗಳ ತುದಿಗಳಲ್ಲಿ ಮಾತ್ರ. ಭಾರ ಹೆಚ್ಚಿದಂತೆ ಆ ತುದಿಗಳು ಶಾಶ್ವತವಾಗಿ ಚಪ್ಪಟೆಯಾಗುತ್ತ ನಿಜವಾದ ಸಂಪರ್ಕ ಕ್ಷೇತ್ರವು ಭಾರದ ಪ್ರಮಾಣದಲ್ಲಿಯೇ ಬೆಳೆಯುತ್ತದೆ. ಕಳೆದ ಶತಮಾನದ ಮಧ್ಯದಲ್ಲಿ ಕೇಂಬ್ರಿಡ್ಜ್‌ನ ಬೌಡನ್ ಮತ್ತು ಟೇಬರ್ ಈ ವಿವರಣೆ ನೀಡಿದ ಮೇಲೆಯೇ ಅಮೊಂಟೊನ್‌ನ ನಿಯಮ ಏಕೆ ನಿಜವೆಂಬುದು ತಿಳಿದದ್ದು. ರಬ್ಬರು ಹಾಗೆ ಚಪ್ಪಟೆಯಾಗಿ ಉಳಿಯುವ ವಸ್ತುವಲ್ಲ, ಅದು ಹಿಗ್ಗಿ ಕುಗ್ಗುವ ವಸ್ತು. ರಸ್ತೆಯ ಕಲ್ಲುಗಳ ಸಂದಿಗೆ ಅದು ಇಳಿಯುತ್ತದೆ, ಆದರೆ ಮೊದಲ ಒತ್ತಡಕ್ಕೆ ಸಲೀಸಾಗಿ ಇಳಿದಷ್ಟು ಮುಂದಿನ ಒತ್ತಡಕ್ಕೆ ಇಳಿಯುವುದಿಲ್ಲ. ಹೀಗಾಗಿ ಟೈರಿನ ಮೇಲಿನ ಭಾರ ಹೆಚ್ಚಿದಂತೆ ಅದರ ಒಟ್ಟು ಹಿಡಿತ ಹೆಚ್ಚುತ್ತದೆಯಾದರೂ ಪ್ರತಿ ಕೆ.ಜಿ. ಭಾರಕ್ಕೆ ಸಿಗುವ ಹಿಡಿತ ಕಡಿಮೆಯಾಗುತ್ತ ಹೋಗುತ್ತದೆ.

ತಿಳಿಯಲು ಅನುಕೂಲವಾಗುವಂತೆ ಒಂದು ಕಾಲ್ಪನಿಕ ಟೈರನ್ನು ತೆಗೆದುಕೊಳ್ಳೋಣ. 100 ಕೆ.ಜಿ. ಭಾರ ಬಿದ್ದಾಗ ಅದರ ಘರ್ಷಣಾಂಕ (ಅಂದರೆ ಪ್ರತಿ ಕೆ.ಜಿ. ಭಾರಕ್ಕೆ ಸಿಗುವ ಹಿಡಿತ) 1.15, 200 ಕೆ.ಜಿ.ಗೆ 1.10, 300 ಕೆ.ಜಿ.ಗೆ 1.05, 400 ಕೆ.ಜಿ.ಗೆ 1.00 ಎಂದಿರಲಿ. ಇದೇ ಟೈರುಗಳನ್ನು 800 ಕೆ.ಜಿ.ಯ ಕಾರಿಗೆ ಹಾಕಿದರೆ ಪ್ರತಿ ಚಕ್ರದ ಪಾಲು 200 ಕೆ.ಜಿ.; 1600 ಕೆ.ಜಿ.ಯ ಕಾರಿಗೆ ಹಾಕಿದರೆ 400 ಕೆ.ಜಿ. ಐವತ್ತು ಮೀಟರ್ ತ್ರಿಜ್ಯದ ತಿರುವನ್ನು ಮೊದಲನೆಯದು ಗಂಟೆಗೆ ಸುಮಾರು 84 ಕಿ.ಮೀ. ವೇಗದಲ್ಲಿ ದಾಟಬಲ್ಲದು, ಎರಡನೆಯದು 80ಕ್ಕೇ ಜಾರಲು ಆರಂಭಿಸುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ತಿರುವಿನಲ್ಲಿ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ಭಾರ ವರ್ಗವಾಗುತ್ತದೆ. ಹಗುರ ಕಾರಿನ ಒಂದು ಜೋಡಿ ಚಕ್ರಗಳ ಮೇಲೆ ತಲಾ 200 ಕೆ.ಜಿ. ಇದ್ದಾಗ ಒಟ್ಟು ಹಿಡಿತ 440 ಕೆ.ಜಿ.ಯಷ್ಟು, ನೂರು ಕೆ.ಜಿ. ಒಂದರಿಂದ ಮತ್ತೊಂದಕ್ಕೆ ಜಾರಿದ ಮೇಲೆ ಒಳಗಿನದು 115, ಹೊರಗಿನದು 315, ಕೂಡಿದರೆ 430. ಹೊರಗಿನ ಟೈರು ಗಳಿಸಿದ್ದು ಒಳಗಿನದು ಕಳೆದುಕೊಂಡದ್ದಕ್ಕಿಂತ ಕಡಿಮೆ. ಹೀಗೆ ವರ್ಗವಾಗುವ ಭಾರವು ಕಾರಿನ ತೂಕಕ್ಕೂ ಗುರುತ್ವ ಕೇಂದ್ರದ ಎತ್ತರಕ್ಕೂ ನೇರ ಅನುಪಾತದಲ್ಲಿ, ಎಡಬಲ ಚಕ್ರಗಳ ನಡುವಿನ ಅಂತರಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಎಲೀಸ್ ಅಷ್ಟು ಕುಳ್ಳಗಿರುವುದಕ್ಕೂ, ಅದರ ಸೀಟುಗಳು ಬಹುತೇಕ ನೆಲದ ಮೇಲೆಯೇ ಕೂತಿರುವುದಕ್ಕೂ ಶೋಕಿಯೊಂದೇ ಕಾರಣವಲ್ಲ.

ಈ ಲೆಕ್ಕವನ್ನು ಬ್ರಿಟಿಷರು ಇತರರಿಗಿಂತ ಮೊದಲು ಮೈಗೂಡಿಸಿಕೊಂಡದ್ದಕ್ಕೆ ಬುದ್ಧಿವಂತಿಕೆಯಷ್ಟೇ ಬಡತನವೂ ಕಾರಣವೆಂದು ನನ್ನ ಅಭಿಪ್ರಾಯ. ಯುದ್ಧದ ನಂತರದ ಇಂಗ್ಲೆಂಡಿನಲ್ಲಿ ಉಕ್ಕು ಪಡಿತರದ ವಸ್ತುವಾಗಿತ್ತು. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡಗಳ ರಚನಾ ಎಂಜಿನಿಯರಿಂಗ್ ಓದಿ, 1948ರಲ್ಲಿ ಹಳೆಯ ಆಸ್ಟಿನ್ 7 ಕಾರೊಂದರ ಮೇಲೆ ತನ್ನ ಮೊದಲ ಕಾರನ್ನು ಕಟ್ಟಿದ. ಅವನ 1957ರ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಿತ್ತು. ಪೂರ್ಣ ಕಾರಿಗೆ ಇದ್ದ ಖರೀದಿ ತೆರಿಗೆ ಬಿಡಿಭಾಗಗಳಿಗೆ ಅನ್ವಯಿಸುತ್ತಿರಲಿಲ್ಲ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಆ ಕಿಂಡಿಯನ್ನು ಮುಚ್ಚಿತು. ಮನೆಯ ಗ್ಯಾರೇಜಿನಲ್ಲಿ ಒಬ್ಬನೇ ಎತ್ತಿ ಜೋಡಿಸಬೇಕಾದ ಕಾರು ಹಗುರವಾಗಿರದೆ ಬೇರೆ ದಾರಿಯಿರಲಿಲ್ಲ.

ಎಲೀಸ್ ಆ ಪರಂಪರೆಯ ಕೂಸಾದರೂ ಅದರ ಚಾಸಿ, ಅಂದರೆ ಮೂಲ ಚೌಕಟ್ಟು, ಬೇರೆಯದೇ ಜಾತಿ. ಅಚ್ಚಿನಿಂದ ಒತ್ತಿ ತೆಗೆದ ಅಲ್ಯುಮಿನಿಯಂ ಕೊಳವೆಗಳನ್ನು ಬೆಸುಗೆಯಿಲ್ಲದೆ ಎಪಾಕ್ಸಿ ಅಂಟಿನಿಂದ ಕೂಡಿಸಿದ ಈ ಚಾಸಿಯ ತೂಕ 68 ಕೆ.ಜಿ. ಮಾತ್ರ. ಅದನ್ನು ಒಂದು ಡಿಗ್ರಿಯಷ್ಟು ತಿರುಚಲು ಸುಮಾರು 10,000 ನ್ಯೂಟನ್ ಮೀಟರ್ ತಿರುಗುಬಲ ಬೇಕು, ಅಂದರೆ ಒಂದು ಮೀಟರ್ ಉದ್ದದ ತೋಳಿನ ತುದಿಗೆ ಒಂದು ಟನ್ನು ತೂಗುಹಾಕಬೇಕು. ಅಂಟು ಎಂದೊಡನೆ ಮೂಗು ಮುರಿಯುವವರು ಇದ್ದಾರೆ. ಬೆಸುಗೆಯ ಶಾಖವು ಈ ಬಗೆಯ ಅಲ್ಯುಮಿನಿಯಂಗೆ ಉಷ್ಣೋಪಚಾರದಿಂದ ಬಂದ ಗಡಸುತನವನ್ನು ಬೆಸುಗೆಯ ಆಸುಪಾಸಿನಲ್ಲಿ ಅಳಿಸಿಬಿಡುತ್ತದೆ. ಆ ನಷ್ಟವನ್ನು ತುಂಬಲು ಇಡೀ ಕೊಳವೆಯನ್ನು ದಪ್ಪ ಮಾಡಬೇಕಾಗುತ್ತದೆ, ತೂಕ ಏರುತ್ತದೆ. ಅಂಟಿಗೆ ಆ ದೋಷವಿಲ್ಲ. ಅದರ ದೌರ್ಬಲ್ಯ ಬೇರೆ: ಗೋಡೆಗೆ ಅಂಟಿಸಿದ ಭಿತ್ತಿಪತ್ರವನ್ನು ಪಕ್ಕಕ್ಕೆ ಎಷ್ಟು ಎಳೆದರೂ ಜಗ್ಗದಿದ್ದರೂ ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿದರೆ ಸರಸರನೆ ಸುಲಿದು ಬರುವಂತೆ, ಅಂಟಿನ ಕೂಡಿಕೆಯೂ ಜಾರುವ ಬಲವನ್ನು ತಾಳುತ್ತದೆ, ಸುಲಿಯುವ ಬಲವನ್ನು ತಾಳದು. ಆದ್ದರಿಂದಲೇ ಕೂಡಿಕೆಗಳ ಕೊನೆಗಳಲ್ಲಿ ಸ್ಕ್ರೂಗಳನ್ನು ಇಳಿಸಿದ್ದಾರೆ. ಹಳೆಯ ಎಲೀಸ್ ಕೊಳ್ಳುವವರು ಬಣ್ಣದ ಹೊಳಪನ್ನು ಬದಿಗಿಟ್ಟು, ಕೆಳತಟ್ಟೆ ಬಿಚ್ಚಿಸಿ, ಟಾರ್ಚು ಹಿಡಿದು ಈ ಕೂಡಿಕೆಗಳನ್ನೂ ಅಲ್ಯುಮಿನಿಯಂ ಚಾಸಿಗೆ ಉಕ್ಕಿನ ಸಸ್ಪೆನ್ಷನ್ ತೋಳುಗಳು ಸೇರುವ ಜಾಗಗಳನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಉಪ್ಪುನೀರು ಎರಡು ಲೋಹಗಳ ನಡುವೆ ನಿಂತರೆ ಅದು ಪುಟ್ಟ ಬ್ಯಾಟರಿಯಾಗಿ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಅಪಘಾತದಲ್ಲಿ ಬಾಗಿದ ಚಾಸಿಯನ್ನು ಬಡಿದು ನೇರ ಮಾಡುವ ಮಾತೇ ಇಲ್ಲ.

ಇನ್ನು ಸುಧಾರಣೆಯ ಉತ್ಸಾಹ. ಬಹುತೇಕರು ಮೊದಲು ಮಾಡುವುದು ದೊಡ್ಡ ಚಕ್ರ, ಅಗಲ ಟೈರು ಹಾಕಿಸುವುದು. ಮೊದಲ ತಲೆಮಾರಿನ ಎಲೀಸ್‌ಗೆ ಮುಂದೆ 185, ಹಿಂದೆ 205 ಮಿ.ಮೀ. ಅಗಲದ ಟೈರುಗಳಿದ್ದವು. ಎಂಜಿನ್ ಸೀಟುಗಳ ಹಿಂದೆ ಇರುವುದರಿಂದ ತೂಕದಲ್ಲಿ ಹಿಂಬದಿಯದೇ ದೊಡ್ಡ ಪಾಲು. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಜಾರಿ, ಹಿಂದಿನ ಟೈರುಗಳು ಹಿಡಿತ ಕಳೆದುಕೊಂಡು ಕಾರು ಗಿರಕಿ ಹೊಡೆಯುವ ಸಂಭವವಿತ್ತು. ಎರಡನೆಯ ತಲೆಮಾರಿನಲ್ಲಿ ಲೋಟಸ್ ಮುಂದಿನ ಟೈರನ್ನು 175ಕ್ಕೆ ಇಳಿಸಿ, ಹಿಂದಿನದನ್ನು 225ಕ್ಕೆ ಏರಿಸಿದ್ದು ಈ ಸ್ವಭಾವವನ್ನು ಪಳಗಿಸಲು. ಇದನ್ನು ತಿಳಿಯದೆ ಮುಂದಿನ ಟೈರನ್ನಷ್ಟೇ ಅಗಲ ಮಾಡಿದವರು ಕಾರ್ಖಾನೆಯವರು ಬೇಕೆಂದೇ ಉಳಿಸಿದ್ದ ಸುರಕ್ಷತೆಯ ಅಂಚನ್ನು ದುಡ್ಡು ಕೊಟ್ಟು ತೆಗೆಸಿಕೊಂಡಂತಾಗುತ್ತದೆ. ಅಗಲ ಟೈರಿನ ಜೊತೆಗೆ ಚಕ್ರದ ತೂಕವೂ ಏರುತ್ತದೆ, ಬಸ್ಸಿನ ಉದಾಹರಣೆಯಲ್ಲಿ ಕಂಡ ಅನುಪಾತ ಕೆಡುತ್ತದೆ. ಒಂದು ಮೂಲೆಗೆ 400 ಕೆ.ಜಿ. ಹೊರುವ ಕಾರಿನ ಚಕ್ರಕ್ಕೆ ನಾಲ್ಕು ಕೆ.ಜಿ. ಸೇರಿದರೆ ಯಾರಿಗೂ ತಿಳಿಯದು, 180 ಕೆ.ಜಿ. ಮಾತ್ರ ಹೊರುವ ಕಾರಿಗೆ ಅದು ತಕ್ಷಣ ತಿಳಿಯುತ್ತದೆ.

ಅಗಲಕ್ಕಿಂತ ಮುಖ್ಯವಾದದ್ದು ಟೈರಿನ ವಯಸ್ಸು. ಇಂತಹ ಕಾರುಗಳು ವರ್ಷದಲ್ಲಿ ಓಡುವುದು ಕಡಿಮೆಯಾದ್ದರಿಂದ ಟೈರಿನ ಗೀರುಗಳು ಹೊಸದರಂತೆ ಆಳವಾಗಿಯೇ ಇರುತ್ತವೆ, ಆದರೆ ಆಮ್ಲಜನಕ ಮತ್ತು ಬಿಸಿಲಿನಿಂದ ರಬ್ಬರು ಗಡುಸಾಗಿರುತ್ತದೆ. ಗಡುಸಾದ ರಬ್ಬರು ಕಲ್ಲಿನ ಸಂದಿಗೆ ಇಳಿಯುವುದಿಲ್ಲ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ ಅದು 2016ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಎಂಜಿನ್‌ಗೆ ಕೈ ಹಾಕುವ ಮೊದಲು ಈ ಅಂಕಿಗಳನ್ನು ಓದಿಕೊಳ್ಳುವುದು ಮೇಲು.

ಬ್ರೇಕ್‌ನ ಕಥೆ ಸ್ವಾರಸ್ಯಕರವಾಗಿದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ 1500 ಕೆ.ಜಿ.ಯ ಕಾರನ್ನು ನಿಲ್ಲಿಸಲು ಸುಮಾರು 580 ಕಿಲೋಜೌಲ್ ಶಕ್ತಿಯನ್ನು ಶಾಖವಾಗಿಸಬೇಕು, 750 ಕೆ.ಜಿ.ಯ ಕಾರಿಗೆ 290 ಸಾಕು. ಈ ಧೈರ್ಯದಿಂದಲೇ ಮೊದಮೊದಲ ಎಲೀಸ್‌ಗಳಿಗೆ ಎರಕದ ಕಬ್ಬಿಣದ ಬದಲು, ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಬೆರೆಸಿದ ಅಲ್ಯುಮಿನಿಯಂ ಡಿಸ್ಕ್‌ಗಳನ್ನು ಹಾಕಿದ್ದರು. ಅವುಗಳ ಸಾಂದ್ರತೆ ಕಬ್ಬಿಣದ ಅರ್ಧಕ್ಕಿಂತ ಕಡಿಮೆ. ಬ್ರೇಕ್‌ಗೆ ಕಾಲಿನ ಒತ್ತಡವನ್ನು ಹೆಚ್ಚಿಸುವ ಸರ್ವೊ ಸಹಾಯವಿರಲಿಲ್ಲ, ಎಬಿಎಸ್ ಇರಲಿಲ್ಲ, ಪವರ್ ಸ್ಟೀರಿಂಗ್ ಇರಲಿಲ್ಲ. ಯಾವುದರ ಕೊರತೆಯೂ ಕಾಡಲಿಲ್ಲ. ಆದರೆ ಅಲ್ಯುಮಿನಿಯಂ 660 ಡಿಗ್ರಿಗೆ ಕರಗುವ ಲೋಹ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಜೊತೆಗೆ ಆ ಡಿಸ್ಕ್‌ಗಳಿಗೆ ಬೇರೆಯದೇ ಪ್ಯಾಡುಗಳು ಬೇಕು. ಹೀಗಾಗಿ ಮುಂದಿನ ಕಾರುಗಳಿಗೆ ಕಬ್ಬಿಣವೇ ಬಂತು. ಟ್ರ್ಯಾಕಿನಲ್ಲಿ ಓಡಿಸುವವರು ಕಬ್ಬಿಣಕ್ಕೆ ಬದಲಾಯಿಸುವುದು ಸರಿ. ಊರ ರಸ್ತೆಯಲ್ಲಷ್ಟೇ ಓಡಿಸುವವರು ಮೂಲ ಡಿಸ್ಕ್‌ಗಳು ಸುಸ್ಥಿತಿಯಲ್ಲಿದ್ದರೆ ಅವನ್ನು ಕೀಳಿಸುವುದು ದಡ್ಡತನ.

ಎಂಜಿನ್ ರೋವರ್ ಕಂಪನಿಯ ಕೆ ಸರಣಿಯದು: 1796 ಸಿಸಿ, 118 ಅಶ್ವಶಕ್ತಿ. ಎರಕದ ಅಲ್ಯುಮಿನಿಯಂ ಭಾಗಗಳನ್ನು ಮೇಲಿನಿಂದ ಕೆಳಗಿನವರೆಗೆ ಹತ್ತು ಉದ್ದ ಬೋಲ್ಟುಗಳಿಂದ ಬಿಗಿದ ಈ ಎಂಜಿನ್ ಅದ್ಭುತವಾಗಿ ಹಗುರ, ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು) ಸುಡುವುದರಲ್ಲಿ ಅಷ್ಟೇ ಕುಖ್ಯಾತ. ರೇಡಿಯೇಟರ್ ಕಾರಿನ ಮೂತಿಯಲ್ಲಿ, ಎಂಜಿನ್ ಬೆನ್ನ ಹಿಂದೆ. ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟವಾದ ಥರ್ಮೊಸ್ಟಾಟ್ ತೆರೆದಾಗ ಉದ್ದದ ಕೊಳವೆಗಳಲ್ಲಿ ತಣ್ಣಗೆ ನಿಂತಿದ್ದ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಒಮ್ಮೆಗೇ ಕಾದ ಅಲ್ಯುಮಿನಿಯಂ ಒಳಗೆ ನುಗ್ಗುತ್ತದೆ, ಥರ್ಮೊಸ್ಟಾಟ್ ಮತ್ತೆ ಮುಚ್ಚಿಕೊಳ್ಳುತ್ತದೆ, ಈ ಆಟ ನಡೆದೇ ಇರುತ್ತದೆ. ಹೊಸ ಬಗೆಯ ಬಹುಪದರ ಉಕ್ಕಿನ ಗ್ಯಾಸ್ಕೆಟ್, ಹೆಡ್ಡನ್ನು ಜಾಗದಲ್ಲಿ ನಿಲ್ಲಿಸುವ ಗೂಟಗಳಾದ ಡವೆಲ್‌ಗಳು ಪ್ಲಾಸ್ಟಿಕ್ ಬದಲು ಉಕ್ಕಿನವು, ಎಂಜಿನ್‌ನಿಂದ ದೂರ ಕೂರಿಸುವ ಥರ್ಮೊಸ್ಟಾಟ್, ಪೂರ್ತಿ ಅಲ್ಯುಮಿನಿಯಂ ರೇಡಿಯೇಟರ್ ಇವು ನಿಜವಾದ ಸುಧಾರಣೆಗಳು. ಆದರೆ ಸಿಲಿಂಡರ್ ಲೈನರ್‌ಗಳ (ಪಿಸ್ಟನ್‌ಗಳು ಓಡಾಡುವ ಒಳಕೊಳವೆಗಳ) ತುದಿ ಬ್ಲಾಕಿನ ಮೇಲ್ಮೈಗಿಂತ ಮಿಲಿಮೀಟರಿನ ಹತ್ತನೇ ಒಂದು ಭಾಗದೊಳಗಿನಷ್ಟು ಎತ್ತರದಲ್ಲಿ ನಿಲ್ಲಬೇಕು. ಅದನ್ನು ಅಳೆಯದೆ ಎಷ್ಟು ದುಬಾರಿಯ ಗ್ಯಾಸ್ಕೆಟ್ ಹಾಕಿದರೂ ಅದು ಮತ್ತೆ ಸುಡುತ್ತದೆ.

ಈ ತಲೆನೋವೇ ಬೇಡವೆಂದು ಹೋಂಡಾದ ಎರಡು ಲೀಟರಿನ ಕೆ20 ಎಂಜಿನ್ ಕೂರಿಸುವವರು ಇಂಗ್ಲೆಂಡಿನಲ್ಲಿ ಬಹಳ. ಶಕ್ತಿ 200 ಅಶ್ವಶಕ್ತಿಯ ಆಸುಪಾಸಿಗೆ ಏರುತ್ತದೆ, ಬಾಳಿಕೆ ಹೆಚ್ಚುತ್ತದೆ, ಹಿಂಬದಿಯ ತೂಕವೂ ಹೆಚ್ಚುತ್ತದೆ. ಹಿಂದಿನ ಟೈರುಗಳು ತಮ್ಮ ಘರ್ಷಣಾಂಕದ ಇಳಿಜಾರಿನಲ್ಲಿ ಇನ್ನಷ್ಟು ಕೆಳಕ್ಕೆ ಹೋಗುತ್ತವೆ. ಆಗ ಸ್ಪ್ರಿಂಗ್‌ಗಳನ್ನು ಹೊಸ ತೂಕಕ್ಕೆ ಹೊಂದಿಸಬೇಕಾಗುತ್ತದೆ. ಒಡಲು ಕುಲುಕುವ ಆವರ್ತನವು ಸ್ಪ್ರಿಂಗಿನ ಬಿಗಿತವನ್ನು ತೂಕದಿಂದ ಭಾಗಿಸಿ ಬಂದ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಭಾರದ ಕಾರಿನ ಸ್ಪ್ರಿಂಗ್ ತಂದು ಹಾಕಿದರೆ ಚಕ್ರಗಳು ಹಳ್ಳಿ ರಸ್ತೆಯ ಉಬ್ಬುಗಳ ಮೇಲೆ ನೆಲ ಬಿಟ್ಟು ಹಾರುತ್ತವೆ, ಹಾರಿದ ಟೈರಿಗೆ ಹಿಡಿತವೇ ಇಲ್ಲ. ಕೆಲಸ ಬಲ್ಲ ವರ್ಕ್‌ಶಾಪಿನವರು ಕೊನೆಗೆ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತಕ್ಕಡಿಗಳನ್ನಿಟ್ಟು, ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ಮೊತ್ತವು ಎದುರು ಕರ್ಣದ ಮೊತ್ತಕ್ಕೆ ಸಮವಾಗುವವರೆಗೆ ಸ್ಪ್ರಿಂಗ್‌ಗಳ ತಳವನ್ನು ಎಳೆಎಳೆಯಾಗಿ ತಿರುಗಿಸುತ್ತಾರೆ. ಅಳತೆಯ ಹೊತ್ತಿನಲ್ಲಿ ಬಲಗಡೆಯ ಸೀಟಿನಲ್ಲಿ ಮಾಲೀಕನನ್ನೋ ಅವನಷ್ಟೇ ತೂಕದ ಮರಳು ಚೀಲಗಳನ್ನೋ ಕೂರಿಸಿರಬೇಕು, ಏಕೆಂದರೆ 75 ಕೆ.ಜಿ.ಯ ಮನುಷ್ಯನೊಬ್ಬ ಈ ಕಾರಿನ ತೂಕದ ಹತ್ತನೇ ಒಂದು ಭಾಗ.