ಎದೆ ಕ್ಯಾನ್ಸರ್ ಅಂದ್ರೆ ಅಪ್ಪನ ಕಡೆಯವ್ರನ್ನೂ ಯಾಕೆ ಕೇಳ್ತೀವಿ

ಹೋದ ತಿಂಗಳು 36 ವರ್ಷದ ಒಬ್ರು ಬಯಾಪ್ಸಿ ರಿಪೋರ್ಟ್ ಹಿಡ್ಕೊಂಡು ಬಂದ್ರು, ಗಡ್ಡೆಯ ಕೋಶಗಳಲ್ಲಿ ಹಾರ್ಮೋನ್ ಹಿಡಿಯೋ ಇಆರ್ ಇಲ್ಲ, ಪಿಆರ್ ಇಲ್ಲ, ಬೆಳವಣಿಗೆ ಹೆಚ್ಚಿಸೋ ಪ್ರೋಟೀನ್ ಹರ್‌ಟೂನೂ ಇಲ್ಲ, ಅಂದ್ರೆ ಟ್ರಿಪಲ್ ನೆಗೆಟಿವ್. ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತೇನಮ್ಮ ಅಂದೆ. "ಇಲ್ಲ ಡಾಕ್ಟ್ರೇ, ನಮ್ಮಮ್ಮಂಗೂ ಇಲ್ಲ, ಅಜ್ಜಿಗೂ ಇಲ್ಲ" ಅಂದ್ರು. ಅಪ್ಪನ ಕಡೆ? ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ನಮ್ ಸೋದರತ್ತೆ ಹೊಟ್ಟೇಲಿ ನೀರು ತುಂಬ್ಕೊಂಡು ತೀರ್ಕೊಂಡ್ರು, ಗರ್ಭಕೋಶದ ಪಕ್ಕ ಅಂಡಾಶಯದಲ್ಲಿ ಗಡ್ಡೆ ಅಂದಿದ್ರು."

ಎದೆ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಎರಡೂ ಒಂದೇ ಮನೆತನದಲ್ಲಿ ಕಂಡ್ರೆ ಅದಕ್ಕೆ ಒಂದೇ ಕೆಟ್ಟ ಜೀನ್ ಕಾರಣ ಇರಬಹುದು, ಹಾಗಾಗಿ ಆ ಮಾತು ಕೇಳಿದ್ಮೇಲೆ ರಕ್ತದಲ್ಲಿ ಜೀನ್ ಟೆಸ್ಟ್ ಮಾಡ್ಸಿದ್ವಿ, ಬಿಆರ್‌ಸಿಎ1 ಕೆಟ್ಟಿತ್ತು.

ಈ ಜೀನ್ ಎಲ್ರಲ್ಲೂ ಇರತ್ತೆ, 17ನೇ ಕ್ರೋಮೋಸೋಮ್ ಮೇಲೆ, ಇದ್ರ ಜೊತೆಗಾರ ಬಿಆರ್‌ಸಿಎ2 ಇರೋದು 13ನೇದ್ರಲ್ಲಿ, ತುಂಡಾದ ಡಿಎನ್‌ಎ ರಿಪೇರಿ ಮಾಡೋದೇ ಇವುಗಳ ಕೆಲಸ. ಹುಟ್ಟುವಾಗ್ಲೇ ಒಂದು ಕಾಪಿ ಕೆಟ್ಟಿದ್ದು ಮುಂದೆ ಯಾವ್ದೋ ಒಂದು ಕೋಶದಲ್ಲಿ ಇನ್ನೊಂದು ಕಾಪಿನೂ ಹೋದ್ರೆ ಅಲ್ಲಿಗೆ ರಿಪೇರಿ ನಿಂತ್‌ಹೋಗತ್ತೆ. ಕ್ಯಾನ್ಸರ್ ಶುರುವಾಗೋದು ಹಿಂಗೆ. ಹುಟ್ಟಿನಿಂದ್ಲೇ ಒಂದು ಕಾಪಿ ಕೆಟ್ಟಿರೋ ಹೆಂಗಸ್ರಲ್ಲಿ 80 ವರ್ಷದೊಳಗೆ ನೂರಕ್ಕೆ ಸುಮಾರು 70 ಜನಕ್ಕೆ ಎದೆ ಕ್ಯಾನ್ಸರ್ ಬರತ್ತೆ. ಬಿಆರ್‌ಸಿಎ1ರಲ್ಲಿ ಹೆಚ್ಚಾಗಿ ಟ್ರಿಪಲ್ ನೆಗೆಟಿವ್, ಬಿಆರ್‌ಸಿಎ2ರಲ್ಲಿ ಹಾರ್ಮೋನ್ ಪಾಸಿಟಿವ್ ಜಾಸ್ತಿ. ಸಿಡಿಎಚ್1 ಅಂತ ಇನ್ನೊಂದಿದೆ, ಅದು ಕೆಟ್ಟಿದ್ರೆ ಹಾಲಿನ ಗ್ರಂಥಿಗಳಲ್ಲಿ ಶುರುವಾಗೋ ಲೋಬ್ಯುಲರ್ ಅನ್ನೋ ಬಗೆಯ ಎದೆ ಕ್ಯಾನ್ಸರ್ ಬರೋ ಸಾಧ್ಯತೆ ಜಾಸ್ತಿ, ಆ ಮನೆತನದಲ್ಲಿ ಹೊಟ್ಟೆ ಕ್ಯಾನ್ಸರ್ ಕೂಡ ಕಾಣತ್ತೆ.

ಹರ್‌ಟೂ ಪಾಸಿಟಿವ್ ಬಂದವ್ರು "ಹಂಗಾದ್ರೆ ನನ್ ಮಗಳಿಗೂ ಬರತ್ತಾ" ಅಂತ ಕಣ್ಣೀರು ಹಾಕ್ತಾರೆ, ಅವ್ರಿಗೆ ಸಮಾಧಾನವಾಗಿ ಹೇಳ್ಲೇಬೇಕು, ಹರ್‌ಟೂ ಜೀನ್ ಹೆಚ್ಚಾಗಿರೋದು ಆ ಗಡ್ಡೆ ಒಳಗೆ ಮಾತ್ರ, ಅದು ಮಕ್ಕಳಿಗೆ ಹೋಗಲ್ಲ. ಅದಕ್ಕೆ 1998ರಿಂದ ಟ್ರಾಸ್ಟುಜುಮ್ಯಾಬ್ ಅನ್ನೋ ಒಳ್ಳೇ ಔಷಧಿನೂ ಇದೆ. ವಂಶದಿಂದ ಬರೋ ಎದೆ ಕ್ಯಾನ್ಸರ್ ನೂರರಲ್ಲಿ 5ರಿಂದ 10 ಅಷ್ಟೇ.

ಆದ್ರೆ ಆ ಐದ್ಹತ್ತು ಮನೆಗಳಲ್ಲಿ ನಾವು ತಪ್ಪೋದು ಅಪ್ಪನ ಕಡೆನೇ. ಗಂಡಸ್ರಿಗೆ ಜೀನ್ ಕೆಟ್ಟಿದ್ರೂ ಎಷ್ಟೋ ಸಲ ಏನೂ ಆಗಲ್ಲ, ಆದ್ರೆ ಪ್ರತಿ ಮಗುವಿಗೂ ಅದು ಹೋಗೋ ಸಾಧ್ಯತೆ ಅರ್ಧಕ್ಕರ್ಧ, ಮಗಳಾದ್ರೂ ಅಷ್ಟೇ, ಮಗನಾದ್ರೂ ಅಷ್ಟೇ. ದಯವಿಟ್ಟು ನಿಮ್ ಸೋದರತ್ತೆ, ಅಪ್ಪನ ಅಮ್ಮ, ದೊಡ್ಡಪ್ಪ ಚಿಕ್ಕಪ್ಪನ ಹೆಣ್ಮಕ್ಳು, ಇವ್ರೆಲ್ಲ ಹೆಂಗೆ ತೀರ್ಕೊಂಡ್ರು ಅಂತ ಹಿರಿಯರು ಇರುವಾಗ್ಲೇ ಕೇಳಿಟ್ಕೊಳ್ಳಿ.

ಆಕೆಗೆ ಕೀಮೋ ಶುರುವಾಗಿದೆ. ನಿಮ್ ತಮ್ಮನನ್ನೂ ಟೆಸ್ಟಿಗೆ ಕರ್ಕೊಂಡು ಬನ್ನಿ ಅಂದಿದೀನಿ, ಗಂಡಸಿಗೆ ಯಾಕೆ ಈ ಟೆಸ್ಟು ಅಂತ ಮನೇಲಿ ಕೇಳ್ತಿದಾರಂತೆ, ಆ ತಮ್ಮನಿಗೆ ಇಬ್ರು ಹೆಣ್ಮಕ್ಳು.