ಒಂದು ನ್ಯಾನೋಮೀಟರ್ ಕೀಲೆಣ್ಣೆ: ಅಳತೆಗಳು ಏಕೆ ಹೊಂದುವುದಿಲ್ಲ

ಹಾರ್ಡ್ ಡಿಸ್ಕ್ ಮೇಲಿನ ಕೀಲೆಣ್ಣೆಯ ಪದರವನ್ನು, ಬೆಳಕು ಪ್ರತಿಫಲಿಸುವ ಬಗೆಯಿಂದ ದಪ್ಪ ತಿಳಿಯುವ ಎಲಿಪ್ಸೋಮೀಟರ್‌ನಲ್ಲಿ ಅಳೆದರೆ 1 ನ್ಯಾನೋಮೀಟರ್ ಬರುತ್ತದೆ. ಅದೇ ಡಿಸ್ಕನ್ನು, ಚೂಪು ಮೊನೆಯಿಂದ ಮೇಲ್ಮೈ ತಡವಿ ನೋಡುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಅಂದರೆ ಎಎಫ್‌ಎಂ ಕೆಳಗಿಟ್ಟರೆ ಅದರ ಕೆಲವು ಪಟ್ಟು ಬರಬಹುದು. ಉಪಕರಣ ಎರಡೂ ಸರಿಯಾಗಿಯೇ ಇರುತ್ತವೆ. ಎರಡೂ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಯನ್ನು.

ಎಣ್ಣೆ ಎಷ್ಟು ತೆಳ್ಳಗೆ ಹರಡಬಲ್ಲದು ಎಂಬ ಪ್ರಶ್ನೆ ಹಳೆಯದು. ಒಂದು ಟೀ ಚಮಚ ಎಣ್ಣೆ ಕೊಳದ ಅರ್ಧ ಎಕರೆಯಷ್ಟು ನೀರನ್ನು ಶಾಂತಗೊಳಿಸಿತೆಂದು ಬೆಂಜಮಿನ್ ಫ್ರಾಂಕ್ಲಿನ್ 1774ರಲ್ಲಿ ವರದಿ ಮಾಡಿದರು. ಭಾಗಿಸಿ ನೋಡಿದರೆ ದಪ್ಪ ಸುಮಾರು 2 ನ್ಯಾನೋಮೀಟರ್. ಆ ಲೆಕ್ಕವನ್ನು ಅವರು ಮಾಡಲಿಲ್ಲ. ಪದರ ಒಂದೇ ಅಣುವಿನಷ್ಟು ಎಂಬುದು ರಸಾಯನ ವಿಜ್ಞಾನಿ ಲ್ಯಾಂಗ್‌ಮ್ಯೂರ್ 1917ರಲ್ಲಿ ಬರೆದ ಮೇಲೆ ಗಟ್ಟಿಯಾಯಿತು. 1956ರ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ ಓದುವ-ಬರೆಯುವ ಹೆಡ್ಡು ತಟ್ಟೆಯಿಂದ ಸುಮಾರು 20 ಮೈಕ್ರೋಮೀಟರ್ ಮೇಲೆ ತೇಲುತ್ತಿತ್ತು. ಈಗ ಆ ಅಂತರ ಕೆಲವೇ ನ್ಯಾನೋಮೀಟರ್. ಹೀಗಾಗಿ ಕೀಲೆಣ್ಣೆಯ ಅರ್ಧ ನ್ಯಾನೋಮೀಟರ್‌ಗೂ ಲೆಕ್ಕ ಕೊಡಬೇಕು.

ಎಎಫ್‌ಎಂ ಬಂದದ್ದು 1986ರಲ್ಲಿ. ಮರುವರ್ಷವೇ ಮ್ಯಾಥ್ಯೂ ಮೇಟ್ ಮತ್ತು ಸಂಗಡಿಗರು ಅದರಿಂದ ಗ್ರಾಫೈಟ್ ಮೇಲೆ ಪರಮಾಣು ಮಟ್ಟದ ಘರ್ಷಣೆ ಅಳೆದರು. 1989ರಲ್ಲಿ ಮೇಟ್ ತಂಡ ಅಂಥದೇ ಮೊನೆಯನ್ನು ಪರ್‌ಫ್ಲೋರೋಪಾಲಿಈಥರ್, ಅಂದರೆ ಡಿಸ್ಕ್‌ಗೆ ಹಚ್ಚುವ ಬಗೆಯ ಕೀಲೆಣ್ಣೆ ದ್ರವದ ಪದರಕ್ಕೆ ಇಳಿಸಿತು. ಗೊಂದಲದ ಬೇರು ಇರುವುದು ಇಲ್ಲೇ.

ಮೊನೆ ಹತ್ತಿರವಾದಂತೆ ಅದರ ಸೆಳೆತಕ್ಕೆ ದ್ರವ ಉಬ್ಬಿ, ಒಮ್ಮೆಲೇ ಮೇಲೆ ಹತ್ತಿ, ಮೊನೆಯ ಸುತ್ತ ಕೊರಳಿನಂತೆ ನಿಲ್ಲುತ್ತದೆ. ಈ ಜಿಗಿತದಿಂದ ಗಟ್ಟಿ ತಳ ಸಿಗುವವರೆಗಿನ ದೂರವನ್ನು ದಪ್ಪ ಎಂದುಕೊಂಡರೆ ಉಬ್ಬಿದ ಭಾಗವೂ ಅದರಲ್ಲಿ ಸೇರುತ್ತದೆ. ಮೊನೆ ಮೊದಲೇ ಒದ್ದೆಯಾಗಿದ್ದರೆ ಅದಕ್ಕೆ ಅಂಟಿದ ಎಣ್ಣೆಯೂ ಸೇರುತ್ತದೆ. ಹೊಸ ಮೊನೆಯ ಮೊದಲ ಕೆಲವು ಬಲ-ದೂರದ ವಕ್ರರೇಖೆಗಳು ಉಳಿದವುಗಳೊಂದಿಗೆ ಹೊಂದದಿರಲು ಇದೇ ಕಾರಣ. ಅವನ್ನು ಸರಾಸರಿಗೆ ಬೆರೆಸದೆ ಬೇರೆಯಾಗಿಡಬೇಕು.

ಮೊನೆಯನ್ನು ಹೊತ್ತ ತೆಳು ಸನ್ನೆಯ, ಅಂದರೆ ಕ್ಯಾಂಟಿಲಿವರ್‌ನ ಆಯ್ಕೆಯೂ ಕೈಕೊಡುತ್ತದೆ. ಮೊನೆಯ ತ್ರಿಜ್ಯ 10 ನ್ಯಾನೋಮೀಟರ್, ದ್ರವದ ಮೇಲ್ಮೈ ಸೆಳೆತ ಮೀಟರ್‌ಗೆ 20 ಮಿಲಿನ್ಯೂಟನ್ ಎಂದಿಟ್ಟುಕೊಂಡರೆ ಕೊರಳಿನ ಎಳೆತ ಸುಮಾರು 2.5 ನ್ಯಾನೋನ್ಯೂಟನ್. ಮೀಟರ್‌ಗೆ 0.1 ನ್ಯೂಟನ್ ಬಿಗಿತದ ಸನ್ನೆಯನ್ನು ಇಷ್ಟು ಬಲ 25 ನ್ಯಾನೋಮೀಟರ್ ಬಗ್ಗಿಸಬಲ್ಲದು. ಹಾಗಾಗಿ ಮೊನೆ ಒಂದೇ ಏಟಿಗೆ ತಳಕ್ಕೆ ಬಡಿಯುತ್ತದೆ. ದ್ರವಕ್ಕೆ ತಾಗಿದ್ದು ಯಾವಾಗ, ಘನಕ್ಕೆ ತಾಗಿದ್ದು ಯಾವಾಗ ಎಂದು ಬಿಡಿಸಿ ನೋಡಲಾಗದು. 3 ನ್ಯೂಟನ್ ಬಿಗಿತದ ಸನ್ನೆ ಒಂದು ನ್ಯಾನೋಮೀಟರ್ ಕೂಡ ಬಗ್ಗುವುದಿಲ್ಲ. ಎರಡೂ ಹಂತ ಬೇರೆಯಾಗಿ ಕಾಣುತ್ತವೆ, ಆದರೆ ಉಪಕರಣದ ಸಣ್ಣಪುಟ್ಟ ಏರುಪೇರಿನಲ್ಲಿ ಸಂಕೇತ ಮಸುಕಾಗುತ್ತದೆ.

ಕೆಲಸದ ಕ್ರಮ ಇಷ್ಟು: ಶುದ್ಧ ಸಿಲಿಕಾನ್ ಮೇಲೆ ಸನ್ನೆಯ ಬಾಗುವಿಕೆಯನ್ನು ಓದುವ ಸಂವೇದನೆ ಸರಿಹೊಂದಿಸುವುದು, ಉಷ್ಣ ಕಂಪನದಿಂದ ಬಿಗಿತ ಕಂಡುಕೊಳ್ಳುವುದು, ತಾಪ ನೆಲೆಗೊಳ್ಳಲು ಬಿಡುವುದು, ಒಣ ನೈಟ್ರೋಜನ್ ಹಾಯಿಸುವುದು. ನೈಟ್ರೋಜನ್ ಹಾಯಿಸದಿದ್ದರೆ ಗಾಳಿಯ ತೇವವೇ ಕೊರಳು ಕಟ್ಟಿ, ಎಣ್ಣೆ ಹಚ್ಚದ ಡಿಸ್ಕ್ ಮೇಲೂ "ಪದರ" ತೋರಿಸುತ್ತದೆ. ಎಣ್ಣೆ ಹಚ್ಚದ ಮಾದರಿಯ ವಕ್ರರೇಖೆ ಕೊಡದ ಅಳತೆಯನ್ನು ನಂಬುವುದು ಕಷ್ಟ.

ಮೊನೆಯಿಂದ ಚಿಕ್ಕ ಚೌಕ ಕೆರೆದು ಮೆಟ್ಟಿಲು ಅಳೆಯುವ ದಾರಿಯೂ ಇದೆ. ತಳಕ್ಕೆ ಬಂಧಗೊಂಡ ಎಣ್ಣೆಗೆ ಅದು ಒಪ್ಪುತ್ತದೆ. ಹರಿದಾಡುವ ಎಣ್ಣೆಯಾದರೆ ಹಳ್ಳ ತಾನೇ ತುಂಬಿಕೊಳ್ಳುತ್ತದೆ. ಒತ್ತಡ ಹೆಚ್ಚಾದರೆ ಕೆಳಗಿನ ಕಾರ್ಬನ್ ಪದರವೂ ಕಿತ್ತು ಬರುತ್ತದೆ, ಅದನ್ನೂ ಎಣ್ಣೆಯೆಂದೇ ಎಣಿಸಿಬಿಡುತ್ತೇವೆ.

ಹಾಗೆಂದು ಎಲಿಪ್ಸೋಮೀಟರ್ ಕೊನೆಯ ಮಾತೇನಲ್ಲ. ಇಷ್ಟು ತೆಳು ಪದರದಲ್ಲಿ ದಪ್ಪವನ್ನೂ ವಕ್ರೀಭವನಾಂಕವನ್ನೂ (ಬೆಳಕು ಎಷ್ಟು ಬಾಗುತ್ತದೆ ಎಂಬ ಅಂಕಿ) ಬೇರ್ಪಡಿಸಲಾಗದ್ದರಿಂದ ಅಂಕವನ್ನು ಸುಮಾರು 1.3 ಎಂದು ಮೊದಲೇ ಊಹಿಸಿಕೊಳ್ಳಬೇಕು. ಬೆಳಕಿನ ಚುಕ್ಕೆ ಬಹಳ ಅಗಲ. ಎಣ್ಣೆ ಹನಿಗಟ್ಟಿ ನಡುವೆ ಬರಿದಾಗಿದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಹೆಡ್ಡು ಉಜ್ಜುವುದೋ ಆ ಬರಿದಾದ ಜಾಗವನ್ನೇ. ಮಾದರಿ ಒಂದೇ ಇಟ್ಟುಕೊಂಡು ಎರಡೂ ಅಳತೆ ಕೊಡುವ ರೂಢಿ ಇನ್ನೂ ಸಾಲದು.

ಲೇಸರ್‌ನಿಂದ ಬಿಸಿ ಮಾಡಿ ಬರೆಯುವ ಡಿಸ್ಕ್‌ಗಳು ಈಗ ತೊಡಕನ್ನು ಹೆಚ್ಚಿಸಿವೆ. ಅಲ್ಲಿ ಚುಕ್ಕೆಯಷ್ಟು ಜಾಗ ಕೆಲವೇ ನ್ಯಾನೋಸೆಕೆಂಡ್ ಕಾಲ 400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಎಣ್ಣೆ ಆವಿಯಾಗಿ, ಸರಿದು, ಮತ್ತೆ ಹರಿದು ಬರಬೇಕು. ಸಾಮಾನ್ಯ ಎಎಫ್‌ಎಂಗೆ ಒಂದು ಚಿತ್ರ ತೆಗೆಯಲು ನಿಮಿಷಗಳೇ ಬೇಕು, ಹಾಗಾಗಿ ಆ ಕ್ಷಣ ಅದಕ್ಕೆ ಸಿಗುವುದಿಲ್ಲ.